ಇಲ್ಲದ ನಾಡಿನ ನಕ್ಷೆ



ಬೇಸಿಗೆ ರಜೆಗೆ ಬಂದಿದ್ದ ಮಗಳ ಮಗ ಒಂದು ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಬೆಟ್ಟಗಳನ್ನು ಎಬ್ಬಿಸುತ್ತಿದ್ದ. ಮೂವತ್ತಕ್ಕೂ ಹೆಚ್ಚು ವರ್ಷ ಭೂಗೋಳ ಬೋಧಿಸಿದ ನನಗೆ ಅದನ್ನು ಕಂಡು ಸುಮ್ಮನಿರಲಾಗಲಿಲ್ಲ. ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ.

ಕಂಪ್ಯೂಟರ್ ಆಟಗಳನ್ನು ಕಟ್ಟಲು ಬಳಸುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ. ಅವನು ಬಳಸುತ್ತಿದ್ದುದು ‘ಯೂನಿಟಿ’. ಅದರಲ್ಲಿ ಹೊಸ ಭೂಮಿ ಬೇಕೆಂದರೆ ಮೊದಲು ಸಾವಿರ ಮೀಟರ್ ಉದ್ದ, ಸಾವಿರ ಮೀಟರ್ ಅಗಲದ ಸಪಾಟಾದ ನೆಲವೊಂದು ತೆರೆದುಕೊಳ್ಳುತ್ತದೆ. ಆ ನೆಲದಲ್ಲಿ ಸಾಲಿಗೆ 513ರಂತೆ 513 ಸಾಲು, ಎಂದರೆ ಒಟ್ಟು 2,63,169 ಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೂ ಎತ್ತರವನ್ನು ಹೇಳುವ ಒಂದು ಸಂಖ್ಯೆ. ಆ ಸಂಖ್ಯೆಗಳನ್ನೇ ಚಿತ್ರವಾಗಿ ನೋಡಿದರೆ ತಗ್ಗು ಕಪ್ಪಾಗಿ, ಶಿಖರ ಬಿಳಿಯಾಗಿ ಕಾಣುತ್ತದೆ. ನಾನು ಕಪ್ಪು ಹಲಗೆಯ ಮೇಲೆ ಎಳೆಯುತ್ತಿದ್ದ ಸಮೋನ್ನತ ರೇಖೆಗಳ ದಾಯಾದಿ ಇದು ಎಂದುಕೊಂಡೆ.

ಬೆಟ್ಟಗಳನ್ನು ಕುಂಚದಿಂದ ಒಂದೊಂದಾಗಿ ಎತ್ತಬಹುದು. ಯಾದೃಚ್ಛಿಕವಾಗಿ, ಅಂದರೆ ದಾಳ ಎಸೆದಂತೆ, ಒಮ್ಮೆಗೇ ಎಬ್ಬಿಸಲೂ ಬಹುದು. ಆದರೆ ಪ್ರತಿ ಬಿಂದುವಿಗೂ ಮನಬಂದ ಎತ್ತರ ಕೊಟ್ಟರೆ ಹುಟ್ಟುವುದು ಬೆಟ್ಟವಲ್ಲ, ಮೊಳೆಗಳ ಹಾಸಿಗೆ. ಇದಕ್ಕೊಂದು ಉಪಾಯ ಕಂಡುಕೊಂಡವರು ಅಮೆರಿಕದ ಕೆನ್ ಪರ್ಲಿನ್. 1982ರ ‘ಟ್ರಾನ್’ ಚಲನಚಿತ್ರಕ್ಕಾಗಿ ದುಡಿದ ಅವರಿಗೆ ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪು ಹಿಡಿಸಲಿಲ್ಲ. 1985ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. 1997ರಲ್ಲಿ ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ವಿಧಾನವನ್ನು ನಮ್ಮ ಚುಕ್ಕಿ ರಂಗೋಲಿಯಿಂದ ಅರಿಯಬಹುದು. ಸಮಾನ ಅಂತರದಲ್ಲಿ ಚುಕ್ಕಿಗಳನ್ನಿಟ್ಟು, ಪ್ರತಿ ಚುಕ್ಕಿಯಲ್ಲೂ ನೆಲ ಯಾವ ಕಡೆಗೆ ಏರಬೇಕೆಂಬುದನ್ನು ಮಾತ್ರ ದಾಳಕ್ಕೆ ಬಿಡುವುದು. ಚುಕ್ಕಿಗಳ ನಡುವಣ ಜಾಗವನ್ನು ಗಣಿತವು ನಯವಾಗಿ ತುಂಬುತ್ತದೆ. ಅನಂತರ ಚುಕ್ಕಿಗಳ ಅಂತರವನ್ನು ಅರ್ಧಕ್ಕಿಳಿಸಿ, ಏರಿಳಿತವನ್ನೂ ಅರ್ಧ ಮಾಡಿ ಅದರ ಮೇಲೆ ಕೂಡಿಸುವುದು; ಮತ್ತೆ ಅರ್ಧ, ಮತ್ತೆ ಅರ್ಧ. ಮೊದಲ ಪದರದಲ್ಲಿ ಪರ್ವತ, ಮುಂದಿನದರಲ್ಲಿ ಗುಡ್ಡ, ಆಮೇಲೆ ದಿಬ್ಬ, ಕೊನೆಗೆ ಕಲ್ಲುಬಂಡೆಗಳ ಒರಟು.

ಈ ದಾಳಕ್ಕೊಂದು ‘ಬೀಜಸಂಖ್ಯೆ’ ಇರುತ್ತದೆ. ಅದೇ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಅದೇ ನಾಡು ಕಲ್ಲು ಕದಲದಂತೆ ಮರಳಿ ಹುಟ್ಟುತ್ತದೆ. “ನೀನೊಂದು ನಂಬರ್ ಹೇಳಜ್ಜ” ಎಂದ. ಬಾಯಿಗೆ ಬಂದದ್ದು 1994. ಕ್ಷಣಾರ್ಧದಲ್ಲಿ ಪರದೆಯ ತುಂಬ ಬೆಟ್ಟಸಾಲು.

ಚೆಂದವಿತ್ತು. ಆದರೆ ಕಣ್ಣಿಗೆ ಏನೋ ಒಪ್ಪುತ್ತಿರಲಿಲ್ಲ. “ಇಲ್ಲಿ ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೋ?” ಎಂದು ಕೇಳಿದೆ.

“ಎಲ್ಲಿ ಬೇಕಾದರೂ ಹೊಳೆ ಮಾಡಬಹುದಜ್ಜ. ನೀರು ಹಾಕಿದರಾಯಿತು.”

ಹಾಗಾಗದು ಎಂದೆ. ಬೆರಳಿಟ್ಟು ಇಳಿಜಾರುಗಳನ್ನು ಹಿಂಬಾಲಿಸಿದೆವು. ಅನೇಕ ಕಣಿವೆಗಳಿಗೆ ಹೊರದಾರಿಯೇ ಇರಲಿಲ್ಲ. ಎಲ್ಲವೂ ಬಾಣಲೆಯಂತೆ ಮುಚ್ಚಿದ ತಗ್ಗುಗಳು. ಕಾರಣ ಸರಳ. ಆ ಲೆಕ್ಕದಲ್ಲಿ ಪ್ರತಿ ಜಾಗಕ್ಕೂ ಗೊತ್ತಿರುವುದು ತನ್ನ ಸುತ್ತಲಿನ ನಾಲ್ಕು ಚುಕ್ಕಿ ಮಾತ್ರ. ಹೊಳೆಗಾದರೋ ಹುಟ್ಟಿದಲ್ಲಿಂದ ಕಡಲಿನವರೆಗಿನ ದಾರಿಯೆಲ್ಲ ಬೇಕು. ನಮ್ಮ ನಿಜವಾದ ಬೆಟ್ಟಗಳನ್ನು ಎಷ್ಟೋ ಲಕ್ಷ ವರ್ಷಗಳ ಮಳೆ ಕೊರೆದಿದೆ. ಪರದೆಯ ಮೇಲಿನ ನಾಡಿನಲ್ಲಿ ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.

ಅದಕ್ಕೂ ಸಲಕರಣೆಯಿದೆಯೆಂದು ಹುಡುಗ ಸಂಜೆಯೊಳಗೆ ಹುಡುಕಿ ತೆಗೆದ. ಒಂದು ವಿಧಾನದಲ್ಲಿ ಸಾವಿರಾರು ಕಾಲ್ಪನಿಕ ಹನಿಗಳನ್ನು ನೆಲದ ಮೇಲೆ ಬೀಳಿಸುತ್ತಾರೆ. ಪ್ರತಿ ಹನಿಯೂ ಇಳಿಜಾರಿನಲ್ಲಿ ಜಾರುತ್ತ, ವೇಗವಿದ್ದಲ್ಲಿ ಮಣ್ಣನ್ನು ಕೊರೆದು, ಹೊತ್ತು, ನಿಧಾನವಾದಲ್ಲಿ ಇಳಿಸುತ್ತದೆ. ಸವೆತ, ಸಾಗಾಣಿಕೆ, ಸಂಚಯನ! ನಿಮ್ಮಲ್ಲಿ ಎಷ್ಟು ಮಂದಿಯಿಂದ ಈ ಮೂರು ಶಬ್ದಗಳನ್ನು ಬಾಯಿಪಾಠ ಮಾಡಿಸಿಲ್ಲ ನಾನು! ನೋಡುತ್ತಿದ್ದಂತೆ ಬೆಟ್ಟದ ಮೈಯಲ್ಲಿ ಕೊರಕಲುಗಳು ಮೂಡಿದವು, ಬುಡದಲ್ಲಿ ಮಣ್ಣು ಬೀಸಣಿಗೆಯಂತೆ ಹರಡಿತು.

ಆಗಲೇ ನನಗೆ ನೆನಪಾದದ್ದು, 1994 ಎಂಬ ಸಂಖ್ಯೆ ನಾಲಿಗೆಗೆ ಬಂದದ್ದು ಏಕೆಂದು.

ಆ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಒಂದು ದ್ವೀಪದ ನಕ್ಷೆಯಿತ್ತು. ಭೂಪಟದಲ್ಲೆಲ್ಲೂ ಇಲ್ಲದ ದ್ವೀಪ. ಪಶ್ಚಿಮದಲ್ಲಿ ಕಡಲಿಗೆ ಅಂಟಿಕೊಂಡಂತೆ ಬೆಟ್ಟಸಾಲು. ಅದರ ನೆತ್ತಿಯ ಬಳಿ ಹುಟ್ಟಿದ ನದಿ ದ್ವೀಪವನ್ನೆಲ್ಲ ದಾಟಿ ಪೂರ್ವದ ಕಡಲು ಸೇರುತ್ತಿತ್ತು. “ಪಕ್ಕದಲ್ಲೇ ಸಮುದ್ರ ಇಟ್ಟುಕೊಂಡು ನಿನ್ನ ನದಿ ಅಷ್ಟು ದೂರ ಯಾಕಯ್ಯಾ ಹೋಗುತ್ತದೆ?” ಎಂದು ತರಗತಿ ನಗುವಂತೆ ಕೇಳಿದೆ.

“ನಡುವೆ ಗುಡ್ಡ ಇದೆ ಸಾರ್” ಎಂದ.

ನಾನದನ್ನು ಎದುರುತ್ತರವೆಂದು ತಿಳಿದೆ. ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಭಾರತದ ನದಿಗಳ ಹೆಸರನ್ನು ಹತ್ತು ಬಾರಿ ಬರೆಯಿಸಿದೆ. ಆ ಹತ್ತು ಪಟ್ಟಿಗಳಲ್ಲೂ ಕಾವೇರಿಯಿತ್ತು. ಅರಬ್ಬೀ ಸಮುದ್ರಕ್ಕೆ ಅಷ್ಟು ಸಮೀಪದ ತಲಕಾವೇರಿಯಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯವರೆಗೆ ಹೋಗುವ ಕಾವೇರಿ! ಹುಡುಗ ಹೇಳಿದ್ದು ಜಲವಿಭಾಜಕದ ಪಾಠವನ್ನೇ. ಅದೂ ನನಗಿಂತ ಸರಳವಾಗಿ. ಅವನ ಸಮೋನ್ನತ ರೇಖೆಗಳು ಕಣಿವೆಯನ್ನು ದಾಟುವಲ್ಲಿ ನದಿಯ ಮೂಲದ ಕಡೆಗೇ ಮೊನೆಯಾಗಿದ್ದವು. ಇರುವ ನಾಡಿನ ನಕ್ಷೆಯನ್ನು ಪಾಠ ಬಾರದವನೂ ನೋಡಿ ಬರೆದಾನು. ಇಲ್ಲದ ನಾಡಿನ ನಕ್ಷೆಯನ್ನು ತಪ್ಪಿಲ್ಲದೆ ಬರೆಯಲು ಪಾಠ ಅರ್ಥವಾಗಿರಲೇಬೇಕು. ಈ ಸಂಗತಿ ನನಗೆ ಹೊಳೆದದ್ದು ನಿವೃತ್ತನಾದ ಮೇಲೆ, ಮೊಮ್ಮಗನ ಪಕ್ಕದಲ್ಲಿ ಕುಳಿತಾಗ. ಆ ಹುಡುಗ ಆಮೇಲೆ ಪರೀಕ್ಷೆಗೆ ಬೇಕಾದ ನಕ್ಷೆಗಳನ್ನು ಅಚ್ಚುಕಟ್ಟಾಗಿ ಬರೆದ, ಪೂರ್ಣ ಅಂಕ ಪಡೆದ. ಕೊನೆಯ ಹಾಳೆಗಳು ಮಾತ್ರ ಖಾಲಿಯಿದ್ದವು. ಅದನ್ನು ಗಮನಿಸಿ ಅಂದು ನಾನು ಸಂತೋಷಪಟ್ಟಿದ್ದೆ.

ಮೊಮ್ಮಗ ಊರಿಗೆ ಮರಳಿದ. ಹೋಗುವ ಮುನ್ನ ನನ್ನ ಹಳೆಯ ಕಂಪ್ಯೂಟರಿಗೂ ಆ ತಂತ್ರಾಂಶವನ್ನು ಹಾಕಿಕೊಟ್ಟಿದ್ದಾನೆ, ಕುಂಟುತ್ತ ನಡೆಯುತ್ತದೆ. ರಾತ್ರಿ ಊಟವಾದ ಮೇಲೆ ಆ ದ್ವೀಪವನ್ನು ಕುಂಚದಿಂದ ಎತ್ತಲು ಯತ್ನಿಸುತ್ತಿದ್ದೇನೆ. ಪಶ್ಚಿಮದ ಬೆಟ್ಟಸಾಲು ಬಂದಿದೆ, ನದಿಯೂ ಬಂದಿದೆ. ಉಳಿದದ್ದು ನೆನಪಿಗೆ ಬಾರದು, ಅದನ್ನು ಮರಳಿ ಕೊಡುವ ಬೀಜಸಂಖ್ಯೆಯೂ ಇಲ್ಲ.

ಅಯ್ಯಾ, ಹೆಸರು ಹೇಳಿ ನಿನ್ನನ್ನು ಮತ್ತೊಮ್ಮೆ ಎಲ್ಲರೆದುರು ನಿಲ್ಲಿಸಲಾರೆ. ಇದನ್ನು ಓದುತ್ತಿದ್ದರೆ ನೀನೆಂದು ನಿನಗೇ ತಿಳಿಯುತ್ತದೆ. ಅಂದು ನೀನು ಸರಿ, ನಾನು ತಪ್ಪು. ಕ್ಷಮಿಸು. ಮತ್ತೆ, ಸಾಧ್ಯವಾದರೆ ಒಂದು ಸಾಲು ಬರೆ: ದಕ್ಷಿಣದ ಕರಾವಳಿ ಹೇಗಿತ್ತು?