ಎಣಿಕೆ ತಪ್ಪಿದ ದಾರ

ವಿಜಯವಾಡದಲ್ಲಿ ನೆಲೆಸಿರುವ ಬಳ್ಳಾರಿ ಕಡೆಯ ಕುಟುಂಬವೊಂದು ತಮ್ಮ ಮಗುವಿನ ವರದಿಯನ್ನೂ ಅದರ ಜೊತೆಗಿದ್ದ ತೆಲುಗು ವಿವರಣೆಯನ್ನೂ ವಿಶಾಖಪಟ್ಟಣಕ್ಕೆ, ನನಗೆ ಕಳಿಸಿತು. ಊರಲ್ಲಿರುವ ಅಜ್ಜಿಗೆ ಕನ್ನಡದಲ್ಲಿ ಬೇಕಿತ್ತು. ವರದಿಯ ಸಾರ ಇಷ್ಟೇ: 46 ಇರಬೇಕಾದ ವರ್ಣತಂತುಗಳು 47 ಇವೆ, 21ನೆಯದು ಮೂರು. ಡೌನ್ ಸಿಂಡ್ರೋಮ್.

ಮೊದಲ ತೊಡಕು 'ಕಣ ವಿಭಜನ'. ತೆಲುಗರ ಕಣ ನಮ್ಮ ಜೀವಕೋಶ. ಕನ್ನಡದಲ್ಲಿ ಹಾಗೇ ಬಿಟ್ಟರೆ ಅಣುವಿಜ್ಞಾನವಾಗುತ್ತದೆ. ಅದನ್ನು ಬದಲಿಸುವುದು ಸುಲಭ. 'ವರ್ಣತಂತು' ಹೆಚ್ಚು ಕಾಡಿತು. ಬಣ್ಣ ಹೀರಿಕೊಂಡು ಸೂಕ್ಷ್ಮದರ್ಶಕದಲ್ಲಿ ಕಾಣುವ ಕಾಯ ಎಂಬ ಅರ್ಥದಲ್ಲಿ 1888ರಲ್ಲಿ ವಾಲ್ಡೆಯರ್ ಇಟ್ಟ ಹೆಸರದು. ನಮ್ಮಲ್ಲಿ ವರ್ಣ ಎಂದರೆ ಕುಲವೂ ನೆನಪಾಗುತ್ತದೆ. ಅಜ್ಜಿಯ ಪ್ರಶ್ನೆಯೂ ಅಲ್ಲಿಯದೇ: "ನನ್ನ ತಮ್ಮಗ ಮಗಳನ್ನ ಕೊಟ್ಟೆನಲ್ಲ, ಅದಕ್ಕ ಹಿಂಗಾತೇನ್ರೀ?"

ಆಂಧ್ರದ ಇಂಥ ಮದುವೆಗಳನ್ನು ಹಾಲ್ಡೇನ್ ಅವರ ಶಿಷ್ಯ ಕೃಷ್ಣ ದ್ರೋಣಂರಾಜು 1960ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ರಕ್ತಸಂಬಂಧದಲ್ಲಿ ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಸೇರುವ ಅಪಾಯ ಹೆಚ್ಚು, ಅದು ನಿಜ. ಆದರೆ ಅದು ಬರಹದಲ್ಲಿನ ತಪ್ಪು. ಇಲ್ಲಿ ಆಗಿರುವುದು ಹಂಚಿಕೆಯ ತಪ್ಪು.

ಒಂದು ಕೋಶದೊಳಗೆ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ವಿಭಜನೆಗೆ ಮೊದಲು ಪ್ರತಿ ಎಳೆಗೂ ನಕಲಾಗುತ್ತದೆ. ಆಮೇಲೆ ಬಿಗಿಯಾಗಿ ಸುರುಳಿಗಟ್ಟುತ್ತದೆ. ಉದ್ದ ದಾರವನ್ನು ಸಿಕ್ಕಾಗದಂತೆ ಸಾಗಿಸಲು ಉಂಡೆ ಕಟ್ಟಿದ ಹಾಗೆ. ಜೋಡಿ ಎಳೆಗಳು ಸೆಂಟ್ರೋಮಿಯರ್ ಬಳಿ ಅಂಟಿಕೊಂಡಿರುತ್ತವೆ. ಕದಿರಿನಾಕಾರದ ನೂಲುಗಳು ಅಲ್ಲಿಯೇ ಹಿಡಿದು ಅವನ್ನು ಎರಡು ಕಡೆಗೆ ಎಳೆಯುತ್ತವೆ.

ಹೆಣ್ಣಿನ ಅಂಡದಲ್ಲಿ ಈ ಕೆಲಸ ಅವಳು ಹುಟ್ಟುವ ಮೊದಲೇ ಶುರುವಾಗಿ ನಿಂತುಬಿಡುತ್ತದೆ. ಮುಂದುವರಿಯುವುದು ವರ್ಷಗಳ ನಂತರ. ಅಷ್ಟು ಕಾಲ ಎಳೆಗಳನ್ನು ಹಿಡಿದಿಡುವ ಪ್ರೋಟೀನು ಬಳೆಗಳು ಸಡಿಲವಾಗಬಹುದು. ತಾಯಿಯ ವಯಸ್ಸು ಏರಿದಂತೆ ಅಪಾಯ ಏರುವುದು ಇದರಿಂದಲೂ ಹೌದು. ಆದರೂ ಚಿಕ್ಕ ವಯಸ್ಸಿನ ತಾಯಂದಿರಲ್ಲಿಯೂ ಒಮ್ಮೊಮ್ಮೆ ಎರಡು ಎಳೆಗಳು ಒಂದೇ ಕಡೆ ಸರಿಯುತ್ತವೆ.

ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ಅಜ್ಜಿ ತಡೆದರು. "ಹಂಗಾರ ಆ ತತ್ತಿ ನನ್ನ ಹೊಟ್ಟ್ಯಾಗಿದ್ದಾಗಿಂದನ ಐತಿ?" ಮದುವೆಯ ಭಾರ ಇಳಿಸಿದರೆ ಬಸಿರಿನ ಭಾರ ಹೊರಲು ಹೊರಟಿದ್ದರು! ಹೌದು, ಅಂಡ ಆಗಿನದು. ಎಳೆಗಳು ಬೇರೆಯಾಗದೆ ಉಳಿದದ್ದು ಎಷ್ಟೋ ವರ್ಷಗಳ ಮೇಲೆ, ಯಾರ ಕೈಯೂ ಮುಟ್ಟದ ಜಾಗದಲ್ಲಿ ಎಂದೆ.

ತೆಲುಗು ಮೂಲದಲ್ಲಿ 'ಲೋಪ' ಎಂದಿದ್ದ ಕಡೆ ನಾನು 'ದೋಷ' ಬರೆಯಲಿಲ್ಲ. 'ಎಳೆಗಳು ಬೇರೆಯಾಗಲಿಲ್ಲ' ಎಂದು ಬರೆದು ಕಳಿಸಿದೆ.