ಬಂಡೆಯೇ ರಂಗಸಜ್ಜಿಕೆ

‘ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್’ ಎಂಬ ಹಾಸ್ಯ ಗೀತನಾಟಕ ಶುರುವಾಗುವುದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, ಬಂಡೆಗಲ್ಲುಗಳ ಕಡಲದಂಡೆಯ ಮೇಲೆ. ಗಿಲ್ಬರ್ಟ್ ಮಾತು ಬರೆದು ಸಲಿವನ್ ಸಂಗೀತ ಕೂಡಿಸಿದ ದಿನದಿಂದ ಇದನ್ನು ಆಡುವ ತಂಡಗಳೆಲ್ಲ ಆ ಬಂಡೆಗಳನ್ನು ಪರದೆಯ ಮೇಲೆ ಬರೆಯುತ್ತ, ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸುತ್ತ ಬಂದಿವೆ. ಅದೇ ಕಾರ್ನ್‌ವಾಲ್‌ನ ಪೋರ್ತ್‌ಕರ್ನೋ ಹಳ್ಳಿಯಲ್ಲಿರುವ ಮಿನಾಕ್‌ ರಂಗಮಂದಿರದಲ್ಲಿ ಆ ಕೆಲಸವೇ ಇಲ್ಲ.

ಪೆನ್‌ಜಾನ್ಸ್ ಪಟ್ಟಣದಿಂದ ಪೋರ್ತ್‌ಕರ್ನೋ ಹಳ್ಳಿಗೆ ಸುಮಾರು 15 ಕಿಲೋಮೀಟರ್. ಎರಡೂ ಕಡೆ ಗಿಡಗಂಟಿ ಬೆಳೆದ ಕಲ್ಲಿನ ಒಡ್ಡುಗಳ ನಡುವೆ ಬಸ್ಸು ನುಸುಳುತ್ತದೆ. ಎದುರಿನಿಂದ ಕಾರು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಹಳ್ಳಿಯಿಂದ ಏರು ಹತ್ತಿ ಹೋದರೂ ರಂಗಮಂದಿರ ಕಾಣಿಸುವುದಿಲ್ಲ. ಟಿಕೆಟ್ ತೋರಿಸಿ, ಹೂಗಿಡಗಳ ನಡುವಿನ ಮೆಟ್ಟಿಲು ಇಳಿಯತೊಡಗಿದಾಗ ನೆಲ ಅಲ್ಲಿಗೇ ಮುಗಿದು ಕೆಳಗೆ ಅಟ್ಲಾಂಟಿಕ್ ತೆರೆದುಕೊಂಡಿತು. ಕಡಿದಾದ ಬಂಡೆಯ ಮೈಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು, ಕೆಲವಕ್ಕೆ ಹುಲ್ಲಿನ ಹೊದಿಕೆ. ಎಲ್ಲಕ್ಕಿಂತ ಕೆಳಗೆ ವೇದಿಕೆ. ಅದರ ಹಿಂದೆ ಪರದೆಯಿಲ್ಲ, ಗೋಡೆಯಿಲ್ಲ, ನೀಲಿ ನೀರು ಮಾತ್ರ. ನಾನು ನಡುದಾರಿಯಲ್ಲೇ ನಿಂತುಬಿಟ್ಟೆ, ಹಿಂದಿನವರು ತಾಳ್ಮೆಯಿಂದ ಕಾದರು.

ಇದನ್ನು ಕಟ್ಟಿದ್ದು ಸರ್ಕಾರವಲ್ಲ, ಸಿರಿವಂತರ ಸಂಘವೂ ಅಲ್ಲ. ರೊವೀನಾ ಕೇಡ್ ಎಂಬ ಹೆಣ್ಣುಮಗಳು. ಮೊದಲ ಮಹಾಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದು, ನೂರು ಪೌಂಡ್ ಕೊಟ್ಟು ಈ ಗುಡ್ಡದ ಮೂಗನ್ನು ಕೊಂಡು ಮನೆ ಕಟ್ಟಿಕೊಂಡಳು. ಊರಿನ ಹವ್ಯಾಸಿಗಳು 1929ರಲ್ಲಿ ಹತ್ತಿರದ ಹುಲ್ಲುಗಾವಲಿನಲ್ಲಿ ಶೇಕ್ಸ್‌ಪಿಯರ್ ಆಡಿದರು. ಮುಂದೆ ‘ದಿ ಟೆಂಪೆಸ್ಟ್’ ಆಡುವ ಆಸೆಯಾಯಿತು, ಕಡಲು ಕಾಣುವ ಜಾಗ ಬೇಕಾಯಿತು. ಮನೆಯ ತೋಟದಾಚೆಯ ಬಂಡೆಗಳಲ್ಲಿ ಆಡಿ ಎಂದಳು ರೊವೀನಾ. ಹೇಳಿ ಸುಮ್ಮನಾಗಲಿಲ್ಲ, ತೋಟಗಾರ ಬಿಲ್ಲಿ ರಾಲಿಂಗ್ಸ್ ಜೊತೆ ತಾನೂ ಕಲ್ಲು ಹೊತ್ತಳು. 1932ರಲ್ಲಿ ಕಾರುಗಳ ದೀಪದ ಬೆಳಕಿನಲ್ಲಿ ಮೊದಲ ನಾಟಕ ನಡೆಯಿತು. ಆಮೇಲೆ ಪ್ರತಿ ಚಳಿಗಾಲ ಅವಳಿಗೆ ಇದೇ ಕೆಲಸ. ಎಂಬತ್ತು ದಾಟಿದ ಮೇಲೂ ಬಿಡಲಿಲ್ಲ.

ಗ್ರಾನೈಟ್ ಕಡಿಯಲು ಹಣ ಸಾಲದಾದಾಗ ಕೆಳಗಿನ ಕಡಲತಡಿಯಿಂದ ಮರಳಿನ ಮೂಟೆ ಹೊತ್ತು ತಂದು ಸಿಮೆಂಟಿನಲ್ಲಿ ಕಲಸಿದಳು. ಗಾರೆ ಗಟ್ಟಿಯಾಗುವ ಮೊದಲು ಹಳೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಮೇಲೆ ಬಳ್ಳಿ, ಗಂಟು, ಸುಳಿಗಳನ್ನು ಗೀರಿದಳು. ನಾನು ಕೂತ ಸಾಲಿನ ಅಂಚಿನಲ್ಲಿ ಬೆರಳಾಡಿಸಿದರೆ ಒಂದು ಗೀರು ಇನ್ನೊಂದರ ಕೆಳಗೆ ನುಸುಳಿ ಮತ್ತೆ ಮೇಲೇಳುವುದು ತಿಳಿಯುತ್ತಿತ್ತು. ಆಸನಗಳ ಬೆನ್ನಿನ ಮೇಲೆ ಇಲ್ಲಿ ಆಡಿದ ನಾಟಕಗಳ ಹೆಸರು, ಇಸವಿ. ಆ ಮರಳಿಗೆ ನಮ್ಮ ನಂಟೂ ಇದೆ. 1870ರಲ್ಲಿ ಇಂಗ್ಲೆಂಡನ್ನು ಮುಂಬೈಗೆ ಜೋಡಿಸಿದ ಸಮುದ್ರದಡಿಯ ತಂತಿ ದಡ ಮುಟ್ಟಿದ್ದು ಅದೇ ಪೋರ್ತ್‌ಕರ್ನೋ ತೀರದಲ್ಲಿ.

ಬೇಸಿಗೆಯಲ್ಲಿ ಇಲ್ಲಿಗೆ ಬೇರೆ ಬೇರೆ ಊರಿನ ಹವ್ಯಾಸಿ ತಂಡಗಳು ಬರುತ್ತವೆ, ಸಾಮಾನ್ಯವಾಗಿ ಒಂದೊಂದು ವಾರ ಒಂದೊಂದು ತಂಡ. ನಾನು ಹೋದ ಸಂಜೆ ‘ಪೈರೇಟ್ಸ್’ ನೋಡಲು ಪ್ರೇಕ್ಷಕರು ದಿಂಬು, ಕಂಬಳಿ, ಬುತ್ತಿ ಸಮೇತ ಬಂದಿದ್ದರು. ನಮ್ಮ ಕಡೆ ಗದ್ದೆಯಲ್ಲಿ ಆಟ ನೋಡಲು ಚಾಪೆ ಕಂಬಳಿ ಹಿಡಿದು ಹೋಗುವ ಹಾಗೆಯೇ. ಪಕ್ಕದ ಅಜ್ಜಿ ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸಿಕೊಟ್ಟು, “ಪೊಲೀಸರು ಬರ್ತಾರಲ್ಲ, ಎಡಗಡೆಯಿಂದ ಮೂರನೆಯವನನ್ನ ನೋಡಿ. ನನ್ನ ಅಳಿಯ,” ಎಂದರು.

ಕತೆ ಶುದ್ಧ ತುಂಟತನ. ಫ್ರೆಡ್ರಿಕ್ ಎಂಬ ಹುಡುಗನನ್ನು ಹಡಗಿನ ಪೈಲಟ್ ಬಳಿ ಕೆಲಸ ಕಲಿಯಲು ಬಿಡು ಎಂದರೆ, ಕಿವಿ ಮಂದವಾದ ದಾದಿ ಪೈರೇಟ್ ಬಳಿ, ಅಂದರೆ ಕಡಲುಗಳ್ಳರ ಬಳಿ, ಬಿಟ್ಟುಬಂದಿದ್ದಾಳೆ. ಇಪ್ಪತ್ತೊಂದನೆಯ ಹುಟ್ಟುಹಬ್ಬದವರೆಗೆ ಕರಾರು. ಫ್ರೆಡ್ರಿಕ್ ಹುಟ್ಟಿದ್ದು ಫೆಬ್ರವರಿ 29ರಂದು, ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ, ಹಾಗಾಗಿ ಅವನ ಬಿಡುಗಡೆ 1940ರಲ್ಲಿ! ಅವನು ಮಾತಿಗೆ ತಪ್ಪದ ಹುಡುಗ, ಲೆಕ್ಕ ಒಪ್ಪಿಕೊಳ್ಳುತ್ತಾನೆ. ಈ ಕಳ್ಳರೋ ಅನಾಥರನ್ನು ಮುಟ್ಟುವುದಿಲ್ಲ. ಸುದ್ದಿ ಹಬ್ಬಿ, ಸಿಕ್ಕಿಬಿದ್ದವರೆಲ್ಲ ತಾವು ಅನಾಥರೆಂದೇ ಹೇಳುತ್ತಾರೆ.

ಮೇಜರ್ ಜನರಲ್ ಒಬ್ಬನ ಹೆಣ್ಣುಮಕ್ಕಳು ನೀರಾಟಕ್ಕೆಂದು ಬೂಟು ಕಳಚುವ ದೃಶ್ಯವನ್ನು ನಾನು ಮರೆಯಲಾರೆ. ಫ್ರೆಡ್ರಿಕ್ ದಿಢೀರನೆ ಎದುರಾದಾಗ ಅಷ್ಟೂ ಜನ ಒಂಟಿ ಬೂಟಿನಲ್ಲಿ ಕುಂಟುತ್ತ ಒತ್ತಟ್ಟಿಗೆ ಸೇರಿದರು. ಆ ಬರಿಗಾಲು ಊರಿದ್ದು ನಿಜವಾದ ಕಾರ್ನಿಷ್ ಕಲ್ಲಿನ ಮೇಲೆ, ಬೆನ್ನಿಗೆ ನಿಜವಾದ ಅಲೆ. ಬೇರೆಡೆ ಕಣ್ಣಿಗೆ ಕಟ್ಟಿಸಬೇಕಾದದ್ದೆಲ್ಲ ಇಲ್ಲಿ ಮೊದಲೇ ಇದ್ದುದರಿಂದ ಹಾಡುವವರ ದನಿಯಲ್ಲೇ ಒಂದು ನಿರಾಳವಿತ್ತು.

ಹುಟ್ಟಿದಾಗ ಮಾತ್ರ ಈ ನಾಟಕಕ್ಕೆ ಅವಸರದ ಸಡಗರವಿತ್ತು. ಗಿಲ್ಬರ್ಟ್ ಮತ್ತು ಸಲಿವನ್ ಅವರ ಹಿಂದಿನ ಕೃತಿಯನ್ನು ಅಮೆರಿಕದ ಕಂಪನಿಗಳು ಅನುಮತಿಯಿಲ್ಲದೆ ಆಡಿ ದುಡ್ಡು ಮಾಡಿದ್ದವು. ಆದ್ದರಿಂದ 1879ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲೇ ಮೊದಲ ಪ್ರದರ್ಶನ ಇಟ್ಟರು. ಬ್ರಿಟನ್ನಿನ ಹಕ್ಕು ಕೈತಪ್ಪಬಾರದೆಂದು ಹಿಂದಿನ ದಿನ ಡೆವನ್‌ನ ಪೇಂಟನ್‌ನಲ್ಲಿ ಒಂದು ಪ್ರಯೋಗ. ಸಮೀಪದಲ್ಲಿ ಬೇರೆ ನಾಟಕ ಆಡುತ್ತಿದ್ದ ನಟರು ತಲೆಗೆ ಕರವಸ್ತ್ರ ಕಟ್ಟಿ ಕಳ್ಳರಾದರು, ಕೈಯಲ್ಲಿ ಪ್ರತಿ ಹಿಡಿದು ಹಾಡಿದರು.

ಎರಡನೆಯ ಅಂಕದ ಹೊತ್ತಿಗೆ ಕತ್ತಲಾಗಿ ಗಾಳಿ ಕೊರೆಯತೊಡಗಿತ್ತು. ಸದ್ದಿಲ್ಲದೆ ನುಗ್ಗುತ್ತಿದ್ದೇವೆಂದು ಕಳ್ಳರು ಗಂಟಲು ಹರಿಯುವಂತೆ ಹಾಡುತ್ತ, ಸಾಲಿಗೊಮ್ಮೆ ಧಡ್ ಎಂದು ಕಾಲು ಅಪ್ಪಳಿಸಿದರು. ಕಂಬಳಿ ಹೊದ್ದ ಜನವೂ ಕಾಲು ಬಡಿದರು, ನಾನೂ ಬಡಿದೆ. ನಡುಗುವ ಪೊಲೀಸರು ಲಾಂದ್ರ ಹಿಡಿದು ಬಂದರು. ಮೂರನೆಯವನು ಎಲ್ಲರಿಗಿಂತ ಕುಳ್ಳ, ದನಿ ಮಾತ್ರ ಗವಿಯೊಳಗಿಂದ ಬಂದಂತೆ. ಕೊನೆಗೆ ವಿಕ್ಟೋರಿಯಾ ರಾಣಿಯ ಹೆಸರೆತ್ತಿದ್ದೇ ತಡ, ಗೆದ್ದ ಕಳ್ಳರು ಮಂಡಿಯೂರಿದರು.

ಚಪ್ಪಾಳೆ ನಿಂತ ಮೇಲೆ ಅಜ್ಜಿ ಕಂಬಳಿ ಮಡಚಿ ನನ್ನ ಕೈಗಿತ್ತು, ಆ ಕಡಿದಾದ ಮೆಟ್ಟಿಲು ಹತ್ತುತ್ತ ಹೇಳಿದರು: “ಬೆಳಿಗ್ಗೆ ಎಂಟಕ್ಕೆ ಅಂಗಡಿ ಬಾಗಿಲು ತೆಗೀಬೇಕು ಅವನು. ಸಂಜೆ ಮತ್ತೆ ಇಲ್ಲಿಗೆ. ನೀವೂ ಬನ್ನಿ, ನಾನಂತೂ ಬರ್ತೀನಿ.”