ನೆತ್ತರಿನ ಸಾಕ್ಷಿ

ಹೋದ ತಿಂಗಳು ಒಂದು ಮದುವೆಯ ಮನೆಯಲ್ಲಿ ನನ್ನ ಮಾನ ಹೋಯಿತು. ಊಟದ ಪಂಕ್ತಿ ಏಳುತ್ತಿದ್ದಾಗ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟರು. ತಿರುಗಿ ನೋಡಿದರೆ ಕಾಲೇಜಿನ ಗೆಳೆಯ, ಬಿ.ಎಸ್‌ಸಿ.ಯ ಕಡೆಯ ವರ್ಷ ನನ್ನ ಪರೀಕ್ಷೆಯ ಫೀಸು ಕಟ್ಟಿದ ಪುಣ್ಯಾತ್ಮ. ಮುಖ ಗೊತ್ತು, ನಗು ಗೊತ್ತು, ಹಾಸ್ಟೆಲಿನಲ್ಲಿ ಆತನಿದ್ದ ಕೋಣೆಯ ನಂಬರೂ ಗೊತ್ತು. ಹೆಸರು ಮಾತ್ರ ಬಾಯಿಗೆ ಬರಲೊಲ್ಲದು. ಪಕ್ಕದಲ್ಲಿದ್ದ ಮನೆಯಾಕೆಗೆ ಪರಿಚಯ ಮಾಡಿಕೊಡಬೇಕು. “ಇವನು... ನಮ್ಮವನು” ಎಂದು ತೊದಲಿದೆ. ಆತ ನಕ್ಕು ತಾನೇ ಮಾತು ಬದಲಿಸಿದ. ಆ ಸೌಜನ್ಯವೇ ನನ್ನನ್ನು ಹೆಚ್ಚು ಚುಚ್ಚಿತು.

ನನಗೀಗ 72. ನಮ್ಮ ತಂದೆಯವರು ಈ ವಯಸ್ಸಿನಲ್ಲೇ ಮೊದಲು ಹೆಸರುಗಳನ್ನು ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ನಮ್ಮನ್ನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದರೆ ಓದುಗರು ನಗಬಾರದು.

ಮರುವಾರ ರಕ್ತಪರೀಕ್ಷೆಯ ವರದಿ ಬಂತು. ಒಟ್ಟು ಪ್ರೋಟೀನು, ಆಲ್ಬುಮಿನ್, ಗ್ಲಾಬ್ಯುಲಿನ್ ಎಂದು ಸಾಲುಸಾಲಾಗಿ ಅಚ್ಚಾದ ಹಾಳೆ. ಎಲ್ಲವೂ ಸರಿಯಾಗಿದ್ದವು. ಜೀವವಿಜ್ಞಾನ ಓದಿದ ಮಗಳು, “ಇದೆಲ್ಲ ಯಕೃತ್ತು, ಮೂತ್ರಪಿಂಡಗಳ ಸಮಾಚಾರ ಅಪ್ಪಾ. ನೀವು ಹುಡುಕುತ್ತಿರುವುದು ಸ್ಕಾಟ್ಲೆಂಡಿನಲ್ಲಿದೆ” ಎಂದು ಒಂದು ಲೇಖನವನ್ನು ಓದಲು ಕೊಟ್ಟಳು.

ಅಲ್ಲಿಯ ಕಥೆ ಸ್ವಾರಸ್ಯವಾದದ್ದು. 1947ರ ಜೂನ್ 4ರಂದು ಆ ದೇಶದ ಶಾಲೆಗಳಲ್ಲಿ, 1936ರಲ್ಲಿ ಹುಟ್ಟಿದ ಮಕ್ಕಳನ್ನು ಕೂರಿಸಿ ಒಂದೇ ಬುದ್ಧಿಪರೀಕ್ಷೆ ಬರೆಯಿಸಿದರು. ಬರೆದವರು 70,805 ಮಂದಿ. 2004ರಿಂದ 2007ರೊಳಗೆ ಎಡಿನ್‌ಬರೋದ ವಿದ್ವಾಂಸರು ಅವರಲ್ಲಿ 1,091 ಮಂದಿಯನ್ನು ಹುಡುಕಿ ತೆಗೆದು, 70ರ ಸುಮಾರಿನ ಆ ಅಜ್ಜ ಅಜ್ಜಿಯರಿಂದ ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಬರೆಯಿಸಿದರು. ನಮ್ಮ ಲೆಕ್ಕದ ಮೇಷ್ಟರು ಈಗ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಬಾಗಿಲಿಗೆ ಬಂದರೆ ನಾನು ಹಿತ್ತಲಿನಿಂದ ಓಡಿಹೋದೇನು!

ಮುಂದೆ ಅವರಲ್ಲಿ 798 ಮಂದಿಯ ರಕ್ತದಲ್ಲಿ ನರಮಂಡಲಕ್ಕೆ ಸಂಬಂಧಪಟ್ಟ 90 ಪ್ರೋಟೀನುಗಳನ್ನು ಅಳೆದರು. ಆಕೃತಿಗಳನ್ನು ಜೋಡಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸುವುದು, ಇಂಥ ಪರೀಕ್ಷೆಗಳನ್ನೂ ಕೊಟ್ಟರು. (ಮದುವೆಮನೆಯ ಗೆಳೆಯರ ಹೆಸರು ಕೇಳಲಿಲ್ಲವೆನ್ನಿ.) ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 22 ಪ್ರೋಟೀನುಗಳ ವಿಷಯದಲ್ಲಿ ಒಂದೇ ಸಂಗತಿ: ರಕ್ತದಲ್ಲಿ ಅದು ಹೆಚ್ಚಿದ್ದವರಿಗೆ ಅಂಕ ಸ್ವಲ್ಪ ಕಡಿಮೆ. ಅವುಗಳಲ್ಲಿ 10ರ ಮಟ್ಟಿಗೆ, ಆ ನಂಟಿನ ಒಂದು ಪಾಲನ್ನು ಮಿದುಳಿನ ಗಾತ್ರ ವಿವರಿಸುತ್ತಿತ್ತು.

ಓದಿ ಎದೆ ಧಸಕ್ಕೆಂದಿತು. “‘ಸ್ವಲ್ಪ’ ಎಂಬ ಮಾತಿನ ಮೇಲೆ ಬೆರಳಿಟ್ಟು ಓದಿ” ಎಂದಳು ಮಗಳು. ಒಬ್ಬ ಮುದುಕನಿಗೂ ಇನ್ನೊಬ್ಬನಿಗೂ ಇರುವ ಅಂಕದ ಅಂತರದಲ್ಲಿ, ಒಂದೊಂದು ಪ್ರೋಟೀನು ಹೇಳಬಲ್ಲದ್ದು ನೂರಕ್ಕೆ ಮೂರು ಪಾಲೂ ಅಲ್ಲ. ಇಂಗ್ಲೆಂಡಿನ ರಕ್ತದಾನಿಗಳಲ್ಲಿ ಅದೇ ವಯಸ್ಸಿನವರನ್ನು ನೋಡಿದಾಗ ನಂಟು ಇನ್ನೂ ಸಡಿಲ. ದಿಕ್ಕು ಮಾತ್ರ ಅದೇ. ಮೇಲಾಗಿ, ಹೊಗೆ ಕಂಡಿತೆಂದು ಬೆಂಕಿ ಹಚ್ಚಿದ್ದು ಹೊಗೆಯೇ ಎನ್ನಲಾದೀತೆ? ಎಂಟುನೂರು ಜನರನ್ನು ಒಟ್ಟಿಗೆ ನೋಡಿದಾಗ ತೋರುವುದು ಒಬ್ಬನ ಜಾತಕವಾಗದು.

ಇಷ್ಟು ತಿಳಿದ ಮೇಲೆ ಹೆದರಿಕೆ ಹೋಯಿತೇ? ಇಲ್ಲ. ನನ್ನ ಮೈಯಲ್ಲಿ ಹರಿಯುವುದು ತಂದೆಯವರ ರಕ್ತವೆಂಬುದಕ್ಕೆ ಆ ಪಟ್ಟಿಯ ಸಾಕ್ಷಿ ಬೇಕಾಗಿಲ್ಲ.

ಮೊನ್ನೆ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಆ ಹೆಸರು ಕರೆಯದ ನೆಂಟನಂತೆ ತಾನಾಗಿ ಬಂದು ನಿಂತಿತು. ಬಾಯಿ ಮುಕ್ಕಳಿಸುವ ಮೊದಲೇ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ಮದುವೆಯವರಿಂದ ನಂಬರು ಪಡೆದು ಫೋನು ಮಾಡಿದರೆ ಆತನ ಸೊಸೆ ಎತ್ತಿಕೊಂಡಳು. ಗೆಳೆಯನ ಹೆಸರನ್ನು ಇನಿಷಿಯಲ್ ಸಮೇತ ಇಡಿಯಾಗಿ ಹೇಳಿ ಕೇಳಿದೆ.

“ಮಾವನವರು ವಾಕಿಂಗ್ ಹೋಗಿದ್ದಾರೆ. ತಾವು ಯಾರೆಂದು ಹೇಳಲಿ?”

ನನ್ನ ಹೆಸರು ಹೇಳಿದೆ.

“ಅವರಿಗೆ ಗೊತ್ತಾಗುತ್ತದೆಯೇ?”

“ಪರೀಕ್ಷೆಯ ಫೀಸು ಎನ್ನಿ ತಾಯಿ, ಗೊತ್ತಾಗುತ್ತದೆ” ಎಂದೆ.